ಕಾಲುವೆ ಮುಚ್ಚುವವರು, ಕಾಲುವೆಯಲ್ಲಿ ಬದುಕುವವರು

ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗದಲ್ಲಿ ಮಧ್ಯ ಕಾಲಿಮಂತಾನ್ ಎಂಬ ಪ್ರಾಂತ್ಯವಿದೆ. ಅಲ್ಲಿ ಸುಮಾರು ಇಪ್ಪತ್ತು ವರ್ಷಗಳಿಂದ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕುವ ಕೆಲಸ ನಡೆದಿದೆ. ಮರದ ದಿಮ್ಮಿಗಳನ್ನು ಎರಡು ಸಾಲಾಗಿ ನೆಟ್ಟು, ನಡುವೆ ಮಣ್ಣಿನ ಚೀಲ ತುಂಬಿ, ನದಿಗೆ ಓಡುತ್ತಿದ್ದ ನೀರನ್ನು ಅಲ್ಲೇ ತಡೆಯುತ್ತಾರೆ. ಕಟ್ಟಿಸುವವರು ಸರ್ಕಾರದವರು, ಪರಿಸರ ಸಂಸ್ಥೆಯವರು, ಇತ್ತೀಚೆಗೆ ಕಾರ್ಬನ್ ವ್ಯಾಪಾರದ ಕಂಪನಿಗಳವರು. ಕೆಲವು ಕಟ್ಟೆಗಳು ಮಳೆಗಾಲದ ರಭಸಕ್ಕೆ ಬದಿ ಕೊರೆದು ತಾವೇ ಹೋಗುತ್ತವೆ. ಇನ್ನು ಕೆಲವನ್ನು ಊರಿನವರೇ ಒಡೆಯುತ್ತಾರೆ. ಅವರಿಗೆ ಆ ಕಾಲುವೆಯೇ ರಸ್ತೆ. ದೋಣಿ ಹೋಗದಿದ್ದರೆ ರಬ್ಬರ್ ತೋಟಕ್ಕೆ ಹೋಗುವಂತಿಲ್ಲ, ಮೀನು ತರುವಂತಿಲ್ಲ, ಕಡಿದ ಮರವನ್ನು ತೇಲಿಸುವಂತಿಲ್ಲ.

ಕಟ್ಟುವವರು ಭೂಮಿಯ ಹಿತ ಬಯಸುವವರು, ಒಡೆಯುವವರು ಅರಿವಿಲ್ಲದವರು ಎಂಬ ಧಾಟಿಯ ವರದಿಗಳನ್ನು ಓದಿ ಓದಿ ನಮಗೆ ಅಭ್ಯಾಸವಾಗಿದೆ. ಇದಕ್ಕೆ ಉಲ್ಟಾ ಹೊಡೆಯುವ ಬರಹಗಳೂ ಇವೆ: ಶ್ರೀಮಂತ ದೇಶಗಳು ತಮ್ಮ ಹೊಗೆಯ ಪಾಪ ತೊಳೆಯಲು ಬಡವರ ನೆಲವನ್ನು ಮುಳುಗಿಸುತ್ತಿವೆ ಎನ್ನುವಂಥವು. ಎರಡರಲ್ಲೂ ಸತ್ಯವಿದೆ, ಎರಡೂ ಅರ್ಧ ಸತ್ಯ. ವಿಷಯಕ್ಕಿಳಿಯುವ ಮೊದಲು ಆ ನೆಲ ಎಂಥದ್ದೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಆ ನೆಲ ಪೀಟ್. ಪೀಟ್ ಎಂದರೆ ಪೂರ್ತಿ ಕೊಳೆಯದೆ ಉಳಿದುಹೋದ ಗಿಡಮರ. ಎರಡು ನದಿಗಳ ನಡುವಿನ ಜೌಗಿನಲ್ಲಿ ಬಿದ್ದ ಎಲೆ, ಕೊಂಬೆ, ಬೇರುಗಳು ನಿಂತ ನೀರಿನಲ್ಲಿ ಗಾಳಿ ಸಿಗದೆ ಅರ್ಧಂಬರ್ಧ ಕೊಳೆತು ಒಂದರ ಮೇಲೊಂದು ಕೂರುತ್ತವೆ. ನೀರಿನ ಪಿಎಚ್ 3ರಿಂದ 4ರ ಆಸುಪಾಸು. ಕೊಳೆಸುವ ಸೂಕ್ಷ್ಮಜೀವಿಗಳಿಗೂ ಅದು ಹುಳಿ ಹೆಚ್ಚು. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಅದೇ ದೊಡ್ಡದು. ಹೀಗೆ ಸಾವಿರಾರು ವರ್ಷ ಕೂತು ಕೂತು ಕೆಲವೆಡೆ 10 ಮೀಟರಿಗೂ ಹೆಚ್ಚು ದಪ್ಪವಾಗಿದೆ. ಆಕಾರ ಇಡ್ಲಿಯದು: ನಡು ಉಬ್ಬಿ, ನದಿಯ ಕಡೆಯ ಅಂಚು ಇಳಿದು, ಒಳಗೆಲ್ಲ ಹೀರಿಕೊಂಡ ನೀರು. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ನದಿಯ ನೀರು ಆ ಉಬ್ಬಿನ ನೆತ್ತಿಯನ್ನು ಮುಟ್ಟುವುದಿಲ್ಲ. ಮಳೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕ್ಷೇತ್ರಕ್ಕೆ ಹೋಗುವ ಮಣ್ಣುವಿಜ್ಞಾನಿಗಳು ಕೈಬೈರಿಗೆಯಿಂದ ಆಳದ ಪೀಟನ್ನು ಮೇಲೆತ್ತಿ, ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಂಡುತ್ತಾರೆ. ಬೆರಳ ಸಂದಿಯಿಂದ ತಿಳಿ ಕಂದು ನೀರು ಇಳಿದು ಕೈಯಲ್ಲಿ ನಾರು, ಚಕ್ಕೆ ಉಳಿದರೆ ಅದು ಹೆಚ್ಚು ಕೊಳೆತಿಲ್ಲ. ಕೆಸರೇ ಪಿಚಕ್ಕನೆ ಹೊರಬಂದು ಮುಷ್ಟಿ ಖಾಲಿಯಾದರೆ ಪೂರ್ತಿ ಕೊಳೆತಿದೆ. ಸ್ವೀಡನ್ನಿನ ಫಾನ್ ಪೋಸ್ಟ್ ಎಂಬ ಭೂವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆ ಹಾಕಿಕೊಟ್ಟ 1ರಿಂದ 10ರವರೆಗಿನ ಈ ಅಳತೆಗೆ ಇಂದಿಗೂ ಕೈಯಷ್ಟೇ ಸಾಕು. ಕಾಲಿಮಂತಾನ್‌ನಲ್ಲಿ ಹಿಂಡಿದರೆ ಅಂಗೈಯಲ್ಲಿ ಮರದ ಚೂರುಗಳೇ ಸಿಗುತ್ತವೆ. ಯಾವುದೋ ಕಾಲದ ಕಾಡು ಅದು.

ಆ ಚೂರುಗಳಲ್ಲಿರುವುದು ಇಂಗಾಲ. ಜಗತ್ತಿನ ನೆಲದಲ್ಲಿ ಪೀಟ್ ಇರುವುದು ಶೇ. 3ರಷ್ಟು ಮಾತ್ರ, ಆದರೆ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಇಂಡೊನೇಷ್ಯಾದ ಸರ್ಕಾರಿ ನಕ್ಷೆಯ ಪ್ರಕಾರ ಅಲ್ಲಿ ಸುಮಾರು 1.34 ಕೋಟಿ ಹೆಕ್ಟೇರ್ ಪೀಟ್ ನೆಲವಿದೆ. ನೀರಿನಲ್ಲಿ ಮುಳುಗಿರುವವರೆಗೂ ಅದು ಯಾರ ತಂಟೆಗೂ ಬರುವುದಿಲ್ಲ. ನೀರು ಬಸಿದರೆ ಗಾಳಿ ಒಳಹೊಕ್ಕು, ಸಾವಿರಾರು ವರ್ಷ ನಿಂತಿದ್ದ ಕೊಳೆಯುವ ಕೆಲಸ ಮತ್ತೆ ಶುರುವಾಗುತ್ತದೆ.

ಬಸಿದವರು ಯಾರು? ಇಲ್ಲಿ ಅಂದಿನ ಅಧ್ಯಕ್ಷ ಸುಹಾರ್ತೊ ಅವರ ಹೆಸರು ತಪ್ಪದೆ ಬರುತ್ತದೆ. ಅವರ ಗದ್ದೆ ಯೋಜನೆಯನ್ನು ಹುಚ್ಚಾಟ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ನನಗದು ಪೂರ್ತಿ ಒಪ್ಪಿಗೆಯಿಲ್ಲ. 1984ರಲ್ಲಿ ಇಂಡೊನೇಷ್ಯಾ ಅಕ್ಕಿಯಲ್ಲಿ ಸ್ವಾವಲಂಬಿಯಾಗಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಆಮದಿಗೆ ಕೈಚಾಚುವ ಹಾಗಾಯಿತು. ಜಾವಾ ದ್ವೀಪದ ಫಲವತ್ತಾದ ಗದ್ದೆಗಳು ಕಾರ್ಖಾನೆಗೂ ಬಡಾವಣೆಗೂ ಹೋಗುತ್ತಿದ್ದವು. ಬೆಂಗಳೂರಿನ ಸುತ್ತ ಕೆರೆ ಬಯಲಿನ ಗದ್ದೆಗಳು ಲೇಔಟ್ ಆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ಕೋಟಿ ಜನರ ಹೊಟ್ಟೆಯ ಲೆಕ್ಕ ಹಾಕಬೇಕಾದ ಆಡಳಿತಗಾರನಿಗೆ ಖಾಲಿ ಕಾಣುವ ಬೋರ್ನಿಯೊ ಕಣ್ಣಿಗೆ ಬಿದ್ದದ್ದು ಆಶ್ಚರ್ಯವಲ್ಲ. 1995ರ ಕೊನೆಯಲ್ಲಿ ಅಧ್ಯಕ್ಷರ ಆಜ್ಞೆ ಹೊರಬಿತ್ತು: ಮಧ್ಯ ಕಾಲಿಮಂತಾನ್‌ನಲ್ಲಿ ಹತ್ತು ಲಕ್ಷ ಹೆಕ್ಟೇರ್ ಗದ್ದೆ. 4000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆ ತೋಡಿದರು. ಜಾವಾ ಮತ್ತಿತರ ಕಡೆಗಳಿಂದ ಸುಮಾರು 60,000 ಜನರನ್ನು ತಂದು ನೆಲೆಗೊಳಿಸಿದರು.

ಕಾಲುವೆ ತೋಡಿದ್ದು ನೀರು ತರುವುದಕ್ಕೆ. ಆದದ್ದು ನೀರು ಬಸಿಯುವುದು. ಉಬ್ಬಿದ ನೆಲದ ನಡುವೆ ಕಾಲುವೆ ಸೀಳಿದರೆ ನೀರು ಎರಡೂ ಬದಿಯ ನದಿಗೆ ಇಳಿಯುತ್ತದೆಯೇ ಹೊರತು ಗದ್ದೆಯಲ್ಲಿ ನಿಲ್ಲುವುದಿಲ್ಲ. ಪೀಟ್‌ನ ಅಡಿಯಲ್ಲಿ ಹಲವೆಡೆ ಪೈರೈಟ್ ತುಂಬಿದ ಹಳೆಯ ಕಡಲ ಜೇಡಿ ಇತ್ತು. ಗಾಳಿ ಸೋಕಿದೊಡನೆ ಅದು ಗಂಧಕಾಮ್ಲವನ್ನು ಬಿಡತೊಡಗಿತು. ಹೇಳಿಕೊಳ್ಳುವಂಥ ಬೆಳೆ ಬರಲೇ ಇಲ್ಲ. 1998ರಲ್ಲಿ ಸುಹಾರ್ತೊ ಇಳಿದರು, ಮರುವರ್ಷ ಅವರ ಉತ್ತರಾಧಿಕಾರಿ ಹಬಿಬಿಯ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಾಗದದ ಮೇಲೆ ಯೋಜನೆ ರದ್ದಾದರೂ ಕಾಲುವೆಗಳು ಬಸಿಯುತ್ತಲೇ ಇದ್ದವು.

ಅಷ್ಟರಲ್ಲಿ ಬೆಂಕಿ ಬಂದಾಗಿತ್ತು. 1997ರ ಎಲ್ ನಿನೊ ಬರಗಾಲದಲ್ಲಿ ಇಂಡೊನೇಷ್ಯಾದ ಪೀಟ್ ಮತ್ತು ಕಾಡು ಉರಿದು ಗಾಳಿಗೆ ಸೇರಿದ ಇಂಗಾಲ 81 ಕೋಟಿಯಿಂದ 257 ಕೋಟಿ ಟನ್ ಎಂದು 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಜಗತ್ತಿನ ಎಲ್ಲ ಕಲ್ಲಿದ್ದಲು, ಪೆಟ್ರೋಲ್, ಅನಿಲಗಳಿಂದ ಒಂದು ವರ್ಷದಲ್ಲಿ ಬರುವುದರ ಶೇ. 13ರಿಂದ 40ರಷ್ಟು ಅದು. ಅಂದಾಜಿನ ಎರಡು ತುದಿಗಳ ನಡುವೆ ಮೂರು ಪಟ್ಟು ಅಂತರವಿದೆ, ನಿಜ. ಕೆಳಗಿನ ತುದಿಯನ್ನೇ ಒಪ್ಪಿದರೂ ಸಣ್ಣದಲ್ಲ.

ಪೀಟ್ ಬೆಂಕಿಯ ಸ್ವಭಾವವೇ ಬೇರೆ. ಜ್ವಾಲೆ ಕಡಿಮೆ, ಮೇಲೆ ಬೂದಿ, ಅಲ್ಲಲ್ಲಿ ಹೊಗೆ, ಅಷ್ಟೇ. ಕಾಲಿಟ್ಟರೆ ನೆಲ ಕುಸಿದು ಕೆಳಗಿನ ಕೆಂಡ ಕಾಣುತ್ತದೆ. ಒಂದು ಕಡೆ ಆರಿಸಿ ಬೆನ್ನು ತಿರುಗಿಸಿದರೆ ಬೇರಿನ ಜಾಡು ಹಿಡಿದು ಇನ್ನೊಂದು ಕಡೆ ಏಳುತ್ತದೆ. ಒಮ್ಮೆ ಚೆನ್ನಾಗಿ ಒಣಗಿದ ಪೀಟ್ ಮೇಲೆ ನೀರು ಹೊಯ್ದರೆ ಅದು ಹೀರಿಕೊಳ್ಳುವುದೂ ಇಲ್ಲ, ನೀರು ಜಾರಿ ಹೋಗುತ್ತದೆ. ಕೊಳವೆಯ ಮೂತಿಯನ್ನು ನೆಲದೊಳಗೆ ಚುಚ್ಚಿ, ಕೆಸರಾಗುವವರೆಗೆ ನೀರು ತುಂಬಬೇಕು. ಒಂದು ಚಾಪೆಯಷ್ಟು ಜಾಗಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ. ಸಾವಿರಾರು ಹೆಕ್ಟೇರಿನ ಬೆಂಕಿಯನ್ನು ಕಡೆಗೆ ಆರಿಸುವುದು ಮಳೆಯೇ.

2015ರಲ್ಲಿ ಅದೇ ಮರುಕಳಿಸಿತು. 26 ಲಕ್ಷ ಹೆಕ್ಟೇರ್ ಸುಟ್ಟಿತು. ವಿಶ್ವಬ್ಯಾಂಕಿನ ಅಂದಾಜಿನಲ್ಲಿ ನಷ್ಟ 1610 ಕೋಟಿ ಡಾಲರ್. 2004ರ ಸುನಾಮಿಯ ನಂತರ ಆಚೆ ಎಂಬ ಪ್ರಾಂತ್ಯವನ್ನು ಮತ್ತೆ ಕಟ್ಟಲು ತಗುಲಿದ್ದರ ಎರಡು ಪಟ್ಟಿಗಿಂತ ಹೆಚ್ಚು. ಗಾಳಿಯ ಸೂಚ್ಯಂಕ 300 ದಾಟಿದರೆ ಅಪಾಯ ಎನ್ನುತ್ತಾರೆ. ಪ್ರಾಂತ್ಯದ ರಾಜಧಾನಿ ಪಾಲಂಕರಾಯದಲ್ಲಿ ಅದು 2000 ದಾಟಿತ್ತು. ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ ಮೂರೂ ಸೇರಿ ಸುಮಾರು ಒಂದು ಲಕ್ಷ ಅಕಾಲ ಮರಣ ಎಂದು ಲೆಕ್ಕ ಹಾಕಿದರು. ಮೂರೂ ಸರ್ಕಾರಗಳು ಆ ಸಂಖ್ಯೆಯನ್ನು ಒಪ್ಪಲಿಲ್ಲ. ಪಾಲಂಕರಾಯದ ಕೆಲವು ನಾಗರಿಕರು ಸರ್ಕಾರದ ಮೇಲೆ ದಾವೆ ಹೂಡಿ 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಗೆದ್ದರು. 2022ರ ಮರುಪರಿಶೀಲನೆಯಲ್ಲಿ ಅದೇ ಕೋರ್ಟು ತೀರ್ಪನ್ನು ತಿರುಗಿಸಿತು.

ಈ ಹೊಗೆಯಿಂದ ಹುಟ್ಟಿದ್ದು 2016ರ ಜನವರಿಯಲ್ಲಿ ಅಧ್ಯಕ್ಷ ಜೋಕೊ ವಿಡೊಡೊ ಸ್ಥಾಪಿಸಿದ ಪೀಟ್ ಪುನಶ್ಚೇತನ ಸಂಸ್ಥೆ. ಐದು ವರ್ಷದಲ್ಲಿ 20 ಲಕ್ಷ ಹೆಕ್ಟೇರ್ ಸರಿಪಡಿಸುವ ಗುರಿ. ವಿಧಾನ ಮೂರು: ನೆಲವನ್ನು ಮತ್ತೆ ತೋಯಿಸುವುದು, ಸ್ಥಳೀಯ ಮರ ನೆಡುವುದು, ಊರಿನವರಿಗೆ ಬೇರೆ ಗಳಿಕೆಯ ದಾರಿ ಮಾಡಿಕೊಡುವುದು. ಮೊದಲನೆಯದಕ್ಕೆ ದುಡ್ಡು ಹೋಯಿತು. ಎರಡನೆಯದು ಅಲ್ಪಸ್ವಲ್ಪ ಆಯಿತು. ಮೂರನೆಯದು ಬಹುತೇಕ ಮಾತಿನಲ್ಲೇ ಉಳಿಯಿತು.

ತೋಯಿಸಬೇಕು ಎನ್ನುವವರ ವಾದ ಗಟ್ಟಿಯಾದದ್ದು. ಸುಮಾತ್ರದ ತಾಳೆ ಮತ್ತು ಅಕೇಶಿಯಾ ತೋಟಗಳಲ್ಲಿ ಅಳೆದು ನೋಡಿದಾಗ, ಬಸಿದ ಮೊದಲ ಐದು ವರ್ಷದಲ್ಲೇ ನೆಲ ಸುಮಾರು 1.4 ಮೀಟರ್ ಕುಸಿದಿತ್ತು. ಆಮೇಲೆ ವರ್ಷಕ್ಕೆ ಸರಾಸರಿ 5 ಸೆಂಟಿಮೀಟರ್. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಕೂಡಿಸಿದ್ದನ್ನು ವರ್ಷಕ್ಕೆ 50 ಮಿಲಿಮೀಟರ್ ಕಳೆಯುವ ಬಾಳು ಎಷ್ಟು ದಿನ ನಡೆದೀತು? ನೆಲ ನದಿಯ ಮಟ್ಟಕ್ಕೆ ಇಳಿದ ಮೇಲೆ ಕಾಲುವೆ ಬಸಿಯುವುದು ನಿಲ್ಲುತ್ತದೆ; ಆಗ ಪಂಪು ಬೇಕು, ಏರಿ ಬೇಕು, ಇಲ್ಲವೇ ಮುಳುಗಬೇಕು. ಇದು ಹವಾಮಾನದ ಮಾತು ಬದಿಗಿಟ್ಟು, ಬರೀ ಬೇಸಾಯದ ಲೆಕ್ಕದಲ್ಲೂ ನಿಲ್ಲುವ ವಾದ. ದುಡ್ಡಿನ ಲೆಕ್ಕವೂ ಅದೇ ಕಡೆ ವಾಲುತ್ತದೆ. ಸುಮಾರು 25 ಲಕ್ಷ ಹೆಕ್ಟೇರ್ ಪುನಶ್ಚೇತನಕ್ಕೆ 320ರಿಂದ 700 ಕೋಟಿ ಡಾಲರ್ ಖರ್ಚು. ಅದು ಮೊದಲೇ ಆಗಿದ್ದರೆ 2004ರಿಂದ 2015ರ ನಡುವಿನ ಆರು ದೊಡ್ಡ ಬೆಂಕಿಗಳಲ್ಲಿ 840 ಕೋಟಿ ಡಾಲರ್ ಉಳಿಯುತ್ತಿತ್ತು ಎಂದು 2021ರ ಅಧ್ಯಯನವೊಂದು ತೋರಿಸಿತು.

ಎದುರು ವಾದ ಒಂದಲ್ಲ, ಹಲವು. ಎಲ್ಲವೂ ಒಂದೇ ತೂಕದವಲ್ಲ.

ತೋಟದ ಕಂಪನಿಗಳ ಪರ ನಿಂತ ವಿಜ್ಞಾನಿಗಳದ್ದು ಒಂದು. ನಾಟಿಗೆ ಮೊದಲು ಭಾರದ ಯಂತ್ರಗಳಿಂದ ಪೀಟನ್ನು ಒತ್ತಿ ಗಟ್ಟಿ ಮಾಡಿ, ನೀರಿನ ಮಟ್ಟವನ್ನು ಎಚ್ಚರದಿಂದ ಕಾದುಕೊಂಡರೆ ಕುಸಿತ ತೀರ ಕಡಿಮೆ, ಬೆಂಕಿಯ ಭಯವಿಲ್ಲ ಎನ್ನುತ್ತಾರೆ. 2016ರಲ್ಲಿ ಮಲೇಷ್ಯಾದ ಕುಚಿಂಗ್‌ನಲ್ಲಿ ಅಂತರರಾಷ್ಟ್ರೀಯ ಪೀಟ್ ಸಮ್ಮೇಳನ ನಡೆದಾಗ ಈ ವಾದಕ್ಕೆ ಪತ್ರಿಕೆಗಳಲ್ಲಿ ದೊಡ್ಡ ಪ್ರಚಾರ ಸಿಕ್ಕಿತು. ನೂರಕ್ಕೂ ಹೆಚ್ಚು ಸಂಶೋಧಕರು ಸಹಿ ಹಾಕಿ ಪ್ರತಿವಾದ ಬರೆದರು. ಒತ್ತಿದರೂ ಕೊಳೆಯುವುದು ಕೊಳೆಯುತ್ತದೆ, ತಡವಾಗಬಹುದು ಅಷ್ಟೆ ಎಂಬುದು ಅವರ ನಿಲುವು. ಈ ಜಗಳದಲ್ಲಿ ನನ್ನ ಒಲವು ಎರಡನೆಯವರ ಕಡೆಗೆ. ಕಾರಣಕ್ಕೆ ಇಂಗ್ಲೆಂಡಿನ ಒಂದು ಕಂಬ ಸಾಕು. ಕೇಂಬ್ರಿಜ್‌ಶೈರ್‌ನ ಹೋಮ್ ಎಂಬಲ್ಲಿ ಜೌಗನ್ನು ಬಸಿದಾಗ, 1851ರಲ್ಲಿ, ಕಬ್ಬಿಣದ ಕಂಬವೊಂದನ್ನು ಅದರ ತಲೆ ನೆಲಕ್ಕೆ ಸಮವಾಗುವಂತೆ ಹೂತರು. ಇಂದು ಅದು ನೆಲದಿಂದ ಸುಮಾರು 4 ಮೀಟರ್ ಮೇಲೆದ್ದು ನಿಂತಿದೆ. ತಂಪು ದೇಶದಲ್ಲೇ ಹೀಗಾದರೆ, ಸಮಭಾಜಕದ ಬಿಸಿಲಿನಲ್ಲಿ ಕೊಳೆಯುವ ವೇಗ ಕಡಿಮೆಯಾದೀತೆಂದು ನಂಬುವುದು ಕಷ್ಟ.

ಆದರೆ ಅದೇ ಕಂಬ ಜಕಾರ್ತದವರ ಕೈಗೂ ಆಯುಧವಾಗುತ್ತದೆ. ನೀವು ನಿಮ್ಮ ಜೌಗನ್ನೆಲ್ಲ ಬಸಿದು ಗೋಧಿ, ಆಲೂಗಡ್ಡೆ ಬೆಳೆದು ಶ್ರೀಮಂತರಾದಿರಿ; ನಮ್ಮ ಸರದಿ ಬಂದಾಗ ಕಾಲುವೆ ಮುಚ್ಚಿ ಎನ್ನುತ್ತೀರಿ ಎಂಬ ಮಾತಿಗೆ ಯುರೋಪಿನ ಬಳಿ ನೇರ ಉತ್ತರವಿಲ್ಲ. ನೆದರ್ಲೆಂಡ್ಸ್‌ನ ಹಲವು ಭಾಗಗಳು ಸಮುದ್ರಮಟ್ಟಕ್ಕಿಂತ ಕೆಳಗಿರುವುದಕ್ಕೆ ಪೀಟ್ ಬಸಿದದ್ದೂ ದೊಡ್ಡ ಕಾರಣ. ಕಾಂಗೊದಲ್ಲೂ ಇದೇ ರಾಗ. ಅಲ್ಲಿನ ಮಧ್ಯ ಜಲಾನಯನ ಪ್ರದೇಶದಲ್ಲಿ 1,45,500 ಚದರ ಕಿಲೋಮೀಟರ್ ಪೀಟ್, ಅದರೊಳಗೆ ಸುಮಾರು 3000 ಕೋಟಿ ಟನ್ ಇಂಗಾಲ ಇದೆಯೆಂದು 2017ರಲ್ಲಿ ಗೊತ್ತಾಯಿತು. 2022ರಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಕಿನ್ಶಾಸಾ ಸರ್ಕಾರ ಆ ಜೌಗಿನ ಭಾಗಗಳನ್ನೂ ಸೇರಿಸಿ ತೈಲ ಬ್ಲಾಕುಗಳನ್ನು ಹರಾಜಿಗಿಟ್ಟಿತು. ಜಗತ್ತು ಬೊಬ್ಬೆ ಹೊಡೆಯಿತು. 2024ರಲ್ಲಿ ಹರಾಜು ರದ್ದಾಯಿತು. ಬೊಬ್ಬೆ ಹೊಡೆದವರು ಜೇಬಿಗೆ ಎಷ್ಟು ಕೈಹಾಕಿದರು ಎಂಬ ಪ್ರಶ್ನೆ ಮಾತ್ರ ಹಾಗೇ ಇದೆ.

ದುಡ್ಡು ಬಂದಾಗಲೂ ಕೆಲಸ ಆಗುತ್ತದೆಂದಿಲ್ಲ. 2007ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಸುಹಾರ್ತೊ ಕಾಲದ ಅದೇ ಗದ್ದೆ ಯೋಜನೆಯ ನೆಲದಲ್ಲಿ 2 ಲಕ್ಷ ಹೆಕ್ಟೇರ್ ಮತ್ತೆ ತೋಯಿಸುತ್ತೇವೆ, 10 ಕೋಟಿ ಸಸಿ ನೆಡುತ್ತೇವೆ ಎಂದು ಘೋಷಿಸಿತು. ವರ್ಷದಿಂದ ವರ್ಷಕ್ಕೆ ಗುರಿ ಕುಗ್ಗಿತು. ದೊಡ್ಡ ಕಾಲುವೆಗಳಿಗೆ ಕಟ್ಟೆ ಹಾಕುವ ಮುಖ್ಯ ಕೆಲಸ ಮುಗಿಯುವ ಮೊದಲೇ, 2014ರಲ್ಲಿ, ಯೋಜನೆಯನ್ನು ಸದ್ದಿಲ್ಲದೆ ಮುಚ್ಚಿದರು. ಘೋಷಣೆಯ ದಿನ ಇದ್ದ ಕ್ಯಾಮೆರಾಗಳು ಮುಚ್ಚುವ ದಿನ ಇರಲಿಲ್ಲ. ಕಾರ್ಬನ್ ಕ್ರೆಡಿಟ್ ಮಾರುವ ಖಾಸಗಿ ಯೋಜನೆಗಳು ಈಗ ಆ ಜಾಗಕ್ಕೆ ಬಂದಿವೆ. ಕಟಿಂಗಾನ್ ನದಿಯ ಬಳಿ ಸುಮಾರು ಒಂದೂವರೆ ಲಕ್ಷ ಹೆಕ್ಟೇರ್ ಜೌಗುಕಾಡನ್ನು ಕಾಯುವ ಯೋಜನೆ ಅವುಗಳಲ್ಲಿ ಹೆಸರಾದದ್ದು. ಕಾಯದಿದ್ದರೆ ಆ ಕಾಡು ಖಂಡಿತ ಅಕೇಶಿಯಾ ತೋಟವಾಗುತ್ತಿತ್ತೇ, ಇಲ್ಲವೇ ಎಂಬುದರ ಮೇಲೆ ಇಡೀ ಕ್ರೆಡಿಟ್ಟಿನ ಬೆಲೆ ನಿಂತಿದೆ. ಆಗದೇ ಹೋದದ್ದನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ, ಆಕ್ಷೇಪ ಅಲ್ಲೇ. ಇಷ್ಟಾದರೂ ಕಾಡು ನಿಂತಿದೆ, ಕಾವಲಿನವರಿಗೆ ಸಂಬಳ ಸಿಗುತ್ತಿದೆ ಎಂಬುದನ್ನು ಆಕ್ಷೇಪಿಸುವವರು ಮರೆಯಬಾರದು.

ಇವೆಲ್ಲಕ್ಕಿಂತ ನನಗೆ ಭಾರವೆನಿಸುವುದು ಊರಿನವರ ವಾದ. ನದಿಯಂಚಿನಲ್ಲಿ ಬಾಳುವ ಙಾಜು ದಯಾಕರು ಸುಹಾರ್ತೊಗಿಂತ ಬಹಳ ಮೊದಲೇ ಕಾಲುವೆ ತೋಡುತ್ತಿದ್ದರು. ಅವು ಹಂದಿಲ್ ಎಂದು ಕರೆಯುವ, ನದಿಯಿಂದ ಒಳಕ್ಕೆ ಕೈಯಿಂದ ತೋಡಿದ ಸಣ್ಣ ಕಾಲುವೆಗಳು. ಅಂಚಿನ ತೆಳು ಪೀಟ್‌ನಲ್ಲಿ ರಬ್ಬರ್, ಬೆತ್ತ, ಹಣ್ಣಿನ ಮರ. ಒಳಗಿನ ಆಳದ ಜೌಗನ್ನು ಕಾಡಿಗೇ ಬಿಟ್ಟಿದ್ದರು. ಬೇಜೆ ಎಂಬ ಮೀನುಗುಂಡಿಗಳಿವೆ: ಮಳೆಗಾಲದ ನೆರೆಯಲ್ಲಿ ನದಿ ಉಕ್ಕಿ ಗುಂಡಿ ತುಂಬುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮೀನು ಅಲ್ಲೇ ಸಿಕ್ಕಿಬೀಳುತ್ತದೆ, ಮನೆಮಂದಿ ಸೇರಿ ಬಾಚಿಕೊಳ್ಳುತ್ತಾರೆ. ತೋಡಿದ ಗುಂಡಿ ಆ ಮನೆಯದೇ, ಅಪ್ಪನಿಂದ ಮಕ್ಕಳಿಗೆ. ಇವರ ನೆಲದ ನಡುವೆ ಮೂವತ್ತು ಮೀಟರ್ ಅಗಲದ ಸರ್ಕಾರಿ ಕಾಲುವೆ ಹಾದುಹೋದದ್ದು ಇವರನ್ನು ಕೇಳಿ ಅಲ್ಲ. ಬೆತ್ತದ ತೋಟಗಳು ಅಗೆತಕ್ಕೆ ಹೋದವು, ಉಳಿದವು ಬೆಂಕಿಗೆ. ಅಂಥ ಕಾಲುವೆಯನ್ನೇ ಅವರು ಹೇಗೋ ಬದುಕಿಗೆ ಹೊಂದಿಸಿಕೊಂಡು, ಮೋಟಾರ್ ದೋಣಿ ಓಡಿಸಿ, ದಡದಲ್ಲಿ ರಬ್ಬರ್ ಇಟ್ಟು, ಇಪ್ಪತ್ತು ವರ್ಷ ಕಳೆದ ಮೇಲೆ, ಈಗ ಮುಚ್ಚುತ್ತೇವೆ ಎಂದು ಹೊಸಬರು ಬಂದರು. ಎರಡೂ ಸಲ ಒಳ್ಳೆಯದಕ್ಕೇ ಎಂದು ಹೇಳಿದ್ದರು.

2015ರ ನಂತರ ಸುಡುವುದರ ಮೇಲೆ ಬಿಗಿ ನಿಷೇಧ ಬಂತು. ದಯಾಕರ ಬೆಟ್ಟಭತ್ತಕ್ಕೆ ಹೊಲವನ್ನು ಸುಡಲೇಬೇಕು. ಹುಳಿ ಮಣ್ಣಿಗೆ ಬೂದಿಯೇ ಸುಣ್ಣ, ಬೂದಿಯೇ ಗೊಬ್ಬರ. 2009ರ ಪರಿಸರ ಕಾನೂನೇ ಸ್ಥಳೀಯ ತಳಿ ಬೆಳೆಯುವ ಕುಟುಂಬಕ್ಕೆ 2 ಹೆಕ್ಟೇರ್‌ವರೆಗೆ ಸುಡಲು ಅವಕಾಶ ಕೊಟ್ಟಿತ್ತು. ಆದರೂ ಪೊಲೀಸರ ಕೈಗೆ ಸುಲಭವಾಗಿ ಸಿಕ್ಕವರು ಸಣ್ಣ ರೈತರು. ಭತ್ತ ಬಿಟ್ಟು ಅಕ್ಕಿ ಕೊಳ್ಳುವುದು ಶುರುವಾಯಿತು. ಮನೆಯ ತಳಿಗಳು ಕೈಬಿಟ್ಟವು. ಪೀಟ್ ಮೇಲೆ ಬೆಂಕಿ ಹಚ್ಚಬಾರದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪೀಟ್ ಇಲ್ಲದ ಗುಡ್ಡದ ಹೊಲಕ್ಕೂ ಅದೇ ನಿಯಮ ಹೇರಿದ್ದು ತಪ್ಪು. ಬೆಂಕಿ ಇಷ್ಟು ದೂರ ಹಬ್ಬಲು ಕಾರಣ ಒಣಗಿದ ನೆಲ, ಒಣಗಿಸಿದ್ದು ದೊಡ್ಡ ಕಾಲುವೆ, ತೋಡಿದ್ದು ಸರ್ಕಾರ. ಈ ಸರಪಳಿಯಲ್ಲಿ ಬೆಂಕಿಕಡ್ಡಿ ಗೀರಿದವನ ಕೈ ಮಾತ್ರ ಎಲ್ಲರಿಗೂ ಕಾಣುತ್ತದೆ.

ಸರ್ಕಾರದ ಇಬ್ಬಂದಿತನ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಕೋವಿಡ್ ಕಾಲದ ಆಹಾರದ ಆತಂಕದಲ್ಲಿ ಅದೇ ಜೋಕೊ ವಿಡೊಡೊ ಸರ್ಕಾರ ಸುಹಾರ್ತೊ ಯೋಜನೆಯ ಅದೇ ಪ್ರದೇಶದಲ್ಲಿ ಹೊಸ ಆಹಾರ ಯೋಜನೆ ಘೋಷಿಸಿತು. ಒಂದು ಇಲಾಖೆ ಕಾಲುವೆ ಮುಚ್ಚುತ್ತಿತ್ತು, ಇನ್ನೊಂದು ಇಲಾಖೆ ಕಾಲುವೆಯ ಹೂಳು ತೆಗೆಯುತ್ತಿತ್ತು. ಇದಕ್ಕೂ ಸಮರ್ಥನೆ ಇಲ್ಲದಿಲ್ಲ. ಆ ಹತ್ತು ಲಕ್ಷ ಹೆಕ್ಟೇರ್ ಪೂರ್ತಿ ಪೀಟ್ ಅಲ್ಲ. ನದಿಮುಖದ ಕಡೆ, ಉಬ್ಬರದ ನೀರು ಹತ್ತುವ ಜೇಡಿನೆಲದಲ್ಲಿ ಬಂಜಾರ್ ರೈತರು ತಲೆಮಾರುಗಳಿಂದ ಭತ್ತ ಬೆಳೆಯುತ್ತ ಬಂದಿದ್ದಾರೆ. ಜಾವಾದಿಂದ ತಂದು ಬಿಟ್ಟ ಕುಟುಂಬಗಳಲ್ಲಿ ಕಚ್ಚಿಕೊಂಡು ಉಳಿದವರು ಇಂಥ ಕಡೆಗಳಲ್ಲೇ ಹೆಚ್ಚು. ಅವರ ಕಾಲುವೆಯ ಹೂಳು ತೆಗೆದರೆ ತಪ್ಪೇನು? ಹಾಗಾಗಿ ಕಾಲುವೆ ಬೇಕೇ, ಬೇಡವೇ ಎಂದು ಇಡೀ ಪ್ರಾಂತ್ಯಕ್ಕೆ ಒಂದೇ ಪ್ರಶ್ನೆ ಕೇಳುವುದೇ ಸರಿಯಲ್ಲ. ನೆಲದ ಆಳ ಎಷ್ಟು ಎಂದು ಊರೂರಿಗೆ ಕೇಳಬೇಕು. ಕಾನೂನಿನಲ್ಲಿ ಇದು ಒಂದು ಮಟ್ಟಿಗೆ ಇದೆ: 3 ಮೀಟರಿಗಿಂತ ಆಳದ ಪೀಟನ್ನು ಮುಟ್ಟುವಂತಿಲ್ಲ, ಉಳಿದೆಡೆ ನೀರಿನ ಮಟ್ಟ ಮೇಲ್ಮೈಯಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯುವಂತಿಲ್ಲ. ಕಾಗದದಲ್ಲಿ ಚೆನ್ನಾಗಿದೆ. 40 ಸೆಂಟಿಮೀಟರ್ ಕೂಡ ರಾಜಿಯ ಸಂಖ್ಯೆ. ಅಷ್ಟರಲ್ಲೂ ಪೀಟ್ ಕೊಳೆಯುತ್ತದೆ, ನಿಧಾನವಾಗಿ. ತಾಳೆ ಬೆಳೆಯುವವರಿಗೆ ಅದು ತೀರ ಒದ್ದೆ, ಪೀಟ್ ಉಳಿಸುವವರಿಗೆ ತೀರ ಒಣ.

ತೋಯ್ದ ಪೀಟ್ ಮೇಲೆಯೇ ಹಣ ತರುವ ಬೆಳೆ ಇದ್ದರೆ ಜಗಳ ಅರ್ಧ ಕರಗುತ್ತದೆ. ಇದೆಯೇ? ಜೆಲುಟುಂಗ್ ಎಂಬ ಹಾಲುಮರವನ್ನು ಬಹಳ ಉತ್ಸಾಹದಿಂದ ನೆಟ್ಟರು. ಒಂದು ಕಾಲದಲ್ಲಿ ಚೂಯಿಂಗ್ ಗಮ್ಮಿಗೆ ಹೋಗುತ್ತಿದ್ದ ಅದರ ಹಾಲಿಗೆ ಈಗ ಕೊಳ್ಳುವವರು ವಿರಳ. ಪುರುನ್ ಎಂಬ ಜೊಂಡಿನಿಂದ ಹೆಂಗಸರು ಚಾಪೆ, ಚೀಲ ಹೆಣೆಯುತ್ತಾರೆ. ಕೈಖರ್ಚಿಗೆ ಆಗುತ್ತದೆ, ಸಂಸಾರಕ್ಕೆ ಆಗುವುದಿಲ್ಲ. ನಿಜಕ್ಕೂ ನಿಂತ ಉದಾಹರಣೆ ಸುಮಾತ್ರದ ರಿಯಾವು ಪ್ರಾಂತ್ಯದ ಮೆರಂತಿ ದ್ವೀಪಗಳ ಸಾಗೊ. ಅಲ್ಲಿನ ಸುಂಗೈ ತೊಹೊರ್ ಊರಿನವರು ತೋಟದ ಕಂಪನಿಯ ಕಾಲುವೆಯಿಂದ ತಮ್ಮ ಸಾಗೊ ಒಣಗುತ್ತಿದೆ, ಸುಡುತ್ತಿದೆ ಎಂದು ದೂರಿದರು. 2014ರ ನವೆಂಬರಿನಲ್ಲಿ ಹೊಸದಾಗಿ ಅಧ್ಯಕ್ಷರಾಗಿದ್ದ ಜೋಕೊ ವಿಡೊಡೊ ಸ್ವತಃ ಹೋಗಿ ಕಟ್ಟೆಗೆ ಕೈಜೋಡಿಸಿದರು. ಸಾಗೊ ಒದ್ದೆ ಪೀಟ್‌ನಲ್ಲೇ ಬೆಳೆಯುವ ತಾಳೆಜಾತಿಯ ಮರ. ಹತ್ತು ಹನ್ನೆರಡು ವರ್ಷಕ್ಕೆ ಕಾಂಡ ಕಡಿದು ಒಳಗಿನ ಪಿಷ್ಟ ತೊಳೆದು ತೆಗೆಯುತ್ತಾರೆ, ಬುಡದ ಕಂದು ಮುಂದಿನ ಬೆಳೆಗೆ. ನಮ್ಮ ಉಪವಾಸದ ಸಾಬೂದಾಣೆ ಈಗ ಸೇಲಂನ ಮರಗೆಣಸಿನಿಂದ ಆಗುತ್ತದೆ. ಅಸಲಿ ಮಾಲು ಈ ಸಾಗೊ. ಅಲ್ಲಿ ಕಟ್ಟೆ ಕಾಯುವವರು ಊರಿನವರೇ, ಏಕೆಂದರೆ ನೀರು ನಿಂತರೆ ಲಾಭ ಅವರದು. ಕಾಲಿಮಂತಾನ್‌ನಲ್ಲಿ ಕಟ್ಟೆ ಒಡೆಯುವವರಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೇ. ಪರಿಸರ ಪ್ರಜ್ಞೆಯ ಹೆಸರಿನಲ್ಲಿ ಬರೆದ ಎಷ್ಟೋ ವರದಿಗಳಲ್ಲಿ ಇದು ಅಡಿಟಿಪ್ಪಣಿಯಲ್ಲೂ ಸಿಗುವುದಿಲ್ಲ.

ನಾವು ಈ ಕತೆಯ ಹೊರಗಿನವರಲ್ಲ. ಇಂಡೊನೇಷ್ಯಾದ ತಾಳೆ ಎಣ್ಣೆಯ ಅತಿ ದೊಡ್ಡ ಗಿರಾಕಿಗಳಲ್ಲಿ ಭಾರತ ಒಂದು. ಬೇಕರಿಯ ಬಿಸ್ಕತ್ತು, ಬೀದಿಬದಿಯ ಬೋಂಡ, ಪ್ಯಾಕೆಟ್ಟಿನ ಮಿಕ್ಸ್ಚರ್ ಎಲ್ಲ ಅದರಲ್ಲೇ. ಅನ್ನಭಾಗ್ಯದ ಮೊದಲ ವರ್ಷಗಳಲ್ಲಿ ಕರ್ನಾಟಕದ ರೇಷನ್ ಅಂಗಡಿಗಳಲ್ಲಿ ಲೀಟರಿಗೆ 25 ರೂಪಾಯಿಯಂತೆ ಕೊಟ್ಟದ್ದೂ ತಾಳೆ ಎಣ್ಣೆಯೇ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ಸುಮಾರು ಮೂರೂವರೆ ವಾರ ರಫ್ತು ನಿಲ್ಲಿಸಿದಾಗ ನಮ್ಮ ಅಡುಗೆಮನೆಗಳಿಗೂ ಬಿಸಿ ತಟ್ಟಿತು. ತಾಳೆಯನ್ನು ಶಪಿಸುವುದು ಸುಲಭ. ಆದರೆ ಹೆಕ್ಟೇರಿಗೆ ಮೂರು ನಾಲ್ಕು ಟನ್ ಎಣ್ಣೆ ಕೊಡುವ ಬೆಳೆ ಬೇರೆ ಇಲ್ಲ, ಸೋಯಾದಲ್ಲಿ ಅರ್ಧ ಟನ್ ಬಂದರೆ ಹೆಚ್ಚು. ತಾಳೆ ಬಿಟ್ಟರೆ ಅಷ್ಟೇ ಎಣ್ಣೆಗೆ ಇನ್ನೆಲ್ಲೋ ಹೆಚ್ಚು ಕಾಡು ಹೋಗುತ್ತದೆ. ಅಲ್ಲಿನ ತಾಳೆ ನೆಲದ ಸುಮಾರು ಶೇ. 40 ಸಣ್ಣ ಹಿಡುವಳಿದಾರರದ್ದು. ಹೆಚ್ಚಿನ ತೋಟಗಳು ಪೀಟ್ ಮೇಲಿಲ್ಲ, ಸಾಮಾನ್ಯ ಮಣ್ಣಿನಲ್ಲಿವೆ ಎಂಬುದು ಸಮಾಧಾನದ ಮಾತು. ಹಡಗಿನ ಟ್ಯಾಂಕಿನಲ್ಲಿ ಎರಡೂ ಬೆರೆತು ಬರುತ್ತವೆ ಎಂಬುದು ಇನ್ನೊಂದು ಮಾತು.

ಕಟ್ಟೆ ಕಟ್ಟಿದ್ದರಿಂದ ಫಲ ಸಿಕ್ಕಿದೆಯೇ ಎಂದರೆ ಅದಕ್ಕೂ ಎರಡು ಉತ್ತರ. 2019ರಲ್ಲಿ ಮತ್ತೆ 16 ಲಕ್ಷ ಹೆಕ್ಟೇರ್ ಸುಟ್ಟಿತು, ಪುನಶ್ಚೇತನ ಆಗಿದೆ ಎಂದು ಬರೆದುಕೊಂಡ ಜಾಗಗಳೂ ಅದರಲ್ಲಿದ್ದವು. 2023ರದ್ದು ಬಲವಾದ ಎಲ್ ನಿನೊ. ಆದರೂ ಸರ್ಕಾರಿ ಲೆಕ್ಕದಲ್ಲಿ ಸುಟ್ಟದ್ದು 11.6 ಲಕ್ಷ ಹೆಕ್ಟೇರ್, 2015ರ ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಕಟ್ಟೆಯ ಪಾಲೆಷ್ಟು, ಹೊಸ ತೋಟಗಳಿಗೆ ಪರವಾನಗಿ ನಿಲ್ಲಿಸಿದ್ದರ ಪಾಲೆಷ್ಟು, ಗಸ್ತಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಏನೂ ಆಗಿಲ್ಲ ಎನ್ನುವವರು ಮಾತ್ರ ಈ ಸಂಖ್ಯೆಗೆ ಉತ್ತರ ಕೊಡಬೇಕು.

ನನ್ನ ಎಣಿಕೆಯಲ್ಲಿ ಆಳದ ಪೀಟನ್ನು ತೋಯಿಸುವುದರಲ್ಲಿ ವಾದಕ್ಕೆ ಜಾಗ ಉಳಿದಿಲ್ಲ. ತೋಯಿಸದಿದ್ದರೆ ಅದು ಹೇಗೂ ಕುಸಿದು ನದಿಯ ಪಾಲಾಗುತ್ತದೆ. ಅಂಚಿನ ತೆಳು ನೆಲವನ್ನು, ಹಂದಿಲ್‌ಗಳನ್ನು ಊರಿಗೇ ಬಿಡಬೇಕು. ದೊಡ್ಡ ಕಾಲುವೆ ಮುಚ್ಚುವಾಗ ದೋಣಿ ದಾಟಲು ಕಿಂಡಿ ಇಡಬೇಕು. ಎಷ್ಟು ಅಗಲ, ಎಷ್ಟು ಎತ್ತರ ಎಂದು ದೋಣಿಯವರನ್ನೇ ಕೇಳಬೇಕು. ಕಿಂಡಿ ಇಟ್ಟರೆ ಒಂದಿಷ್ಟು ನೀರು ಸೋರುತ್ತದೆ ಎಂದು ಎಂಜಿನಿಯರುಗಳು ಹೇಳುತ್ತಾರೆ, ಸರಿಯೇ. ಒಡೆದ ಕಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಸೋರುತ್ತದೆ. ಮುಚ್ಚಿದ ಕಾಲುವೆಯಿಂದ ಮುಳುಗುವ ರಬ್ಬರ್ ತೋಟಕ್ಕೆ ಪರಿಹಾರ ಕೊಡುವುದು ಪುನಶ್ಚೇತನದ ಖರ್ಚಿನ ಭಾಗವೇ ಆಗಬೇಕು, ದಾನದ ಮಾತಾಗಬಾರದು.

ಅವಸರಕ್ಕೆ ಈಗ ಒಂದು ಕಾರಣವಿದೆ. ತಾಳೆ ಮರದ ಲಾಭದ ಆಯಸ್ಸು ಸುಮಾರು 25 ವರ್ಷ. 1990ರ ದಶಕದ ಕೊನೆಯಲ್ಲಿ, 2000ದ ಆಚೀಚೆ ಪೀಟ್ ಮೇಲೆ ನೆಟ್ಟ ಮರಗಳು ಈಗ ಕಡಿಯುವ ಹಂತಕ್ಕೆ ಬಂದಿವೆ. ಅದೇ ಹೊತ್ತಿಗೆ ಇಂಡೊನೇಷ್ಯಾ ಡೀಸೆಲ್ಲಿಗೆ ಶೇ. 40ರಷ್ಟು ತಾಳೆ ಇಂಧನ ಬೆರೆಸುವ ನಿಯಮವನ್ನು 2025ರಲ್ಲಿ ತಂದಿದೆ. ಎಣ್ಣೆಯ ಬೇಡಿಕೆ ಇಳಿಯುವ ಲಕ್ಷಣವಿಲ್ಲ. ಸಣ್ಣ ಹಿಡುವಳಿದಾರರ ಮರುನಾಟಿಗೆ ಸರ್ಕಾರ ಹೆಕ್ಟೇರಿಗೆ 3 ಕೋಟಿ ರುಪಿಯಾ ಕೊಡುತ್ತಿತ್ತು, 2024ರಲ್ಲಿ ಅದನ್ನು 6 ಕೋಟಿಗೆ ಏರಿಸಿತು. ಈಗಿನ ದರದಲ್ಲಿ ನಮ್ಮ ಮೂರು ಲಕ್ಷ ರೂಪಾಯಿಯ ಆಸುಪಾಸು. ಆಳದ ಪೀಟ್ ಮೇಲೆ ತೋಟವಿರುವ ರೈತನಿಗೆ ಅದೇ ಹಣವನ್ನು ಮತ್ತೆ ತಾಳೆ ನೆಡಲು ಕೊಡುವ ಬದಲು ಕಾಲುವೆ ಮುಚ್ಚಿ ಸಾಗೊ ಇಡಲು, ಹನ್ನೆರಡು ವರ್ಷ ಕಾಯುವ ಮಧ್ಯದ ಅವಧಿಗೆ ಜೀವನಕ್ಕೆ ಕೊಟ್ಟರೆ ಅವನು ಬೇಡವೆನ್ನುತ್ತಾನೋ ನೋಡಬೇಕು. ಕೇಳಿ ನೋಡುವುದಕ್ಕೆ ಹೆಚ್ಚು ವರ್ಷಗಳಿಲ್ಲ. ಹೊಸ ಸಸಿ ಒಮ್ಮೆ ನೆಲಕ್ಕೆ ಬಿದ್ದರೆ ಕಾಲುವೆ ಇನ್ನೂ 25 ವರ್ಷ ತೆರೆದೇ ಇರುತ್ತದೆ.